ಸಂಕಟದ ಮುಂದೆ ಯಾವ ಪ್ರಶ್ನೆ?



ಯಾರು ಏನು ಕೇಳಿದರೂ ಕೂಡಲೇ ಉತ್ತರ ಕೊಡಬೇಕೆಂಬ ಅಭ್ಯಾಸವು ಉಪಾಧ್ಯಾಯಿನಿಯಾದವಳಿಗೆ ಬಲು ಬೇಗನೆ ಅಂಟಿಕೊಳ್ಳುವದು. ಈ ಅಭ್ಯಾಸದಿಂದ ನಾನು ಒಂದು ಎಳೆಯ ಹೃದಯವನ್ನು ನೋಯಿಸಿದೆನು. ಆ ಸಂಗತಿಯನ್ನು ಈ ಸ್ಮರಣ ಸಂಚಿಕೆಯಲ್ಲಿ ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುವದು ಯುಕ್ತವೆಂದು ತೋರಿದೆ.

2021ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯ ಎರಡನೆಯ ಅಲೆಯು ಅನೇಕ ಮನೆಗಳ ದೀಪವನ್ನು ಆರಿಸಿತು. ಶಾಲೆಯ ಬಾಗಿಲು ಪುನಃ ತೆರೆದಾಗ ಹುಡುಗಿಯೊಬ್ಬಳು ತಾಯಿಯಿಲ್ಲದವಳಾಗಿ ಬಂದಳು. ಅವಳ ಜಡೆಗಳು ಸಡಿಲವಾಗಿದ್ದವು. ನಾನು ಅವಳನ್ನು ನನ್ನ ಕೋಣೆಗೆ ಕರೆದು, ದೇವರಿಗೆ ಪ್ರಿಯರಾದವರಿಗೇ ಇಂಥ ಪರೀಕ್ಷೆಗಳು ಬರುವವೆಂದೂ, ಇದನ್ನು ದೈವಚಿತ್ತವೆಂದು ತಿಳಿದು ಸಮಾಧಾನ ಹೊಂದಬೇಕೆಂದೂ ಹೇಳಿದೆನು. ಅವಳು ತಲೆಯೆತ್ತಿ, "ನನ್ನ ತಮ್ಮನಿಗೆ ಇನ್ನೂ ಎರಡು ವರುಷ, ಮಿಸ್. ಅವನಿಗೂ ಪರೀಕ್ಷೆಯೇ?" ಎಂದು ಕೇಳಿದಳು. ನನ್ನ ಬಾಯಿ ಕಟ್ಟಿಹೋಯಿತು.

ಆ ಸಾಯಂಕಾಲ ಯೋಬನ ಗ್ರಂಥವನ್ನು ತೆರೆದೆನು. ಸರ್ವಸ್ವವನ್ನೂ ಕಳೆದುಕೊಂಡ ಯೋಬನ ಬಳಿಗೆ ಮೂವರು ಸ್ನೇಹಿತರು ಬಂದು, ಏಳು ದಿವಸ ಹಗಲಿರುಳು ಒಂದು ಮಾತೂ ಆಡದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರಿಂದ ಅವನಿಗೆ ಆದ ಉಪಕಾರವೆಲ್ಲಾ ಆ ಏಳು ದಿವಸಗಳಲ್ಲಿಯೇ ಮುಗಿಯಿತು. ಎಂಟನೆಯ ದಿವಸದಿಂದ ಅವರು ಕಾರಣಗಳನ್ನು ವಿವರಿಸತೊಡಗಿದರು. ಕಡೆಯಲ್ಲಿ ದೇವರ ಕೋಪವು ಉರಿದದ್ದು ದೇವರ ಪಕ್ಷವಾಗಿಯೇ ವಾದಿಸಿದ ಆ ಸ್ನೇಹಿತರ ಮೇಲೆ! ಇದನ್ನು ನಾನು ಎಷ್ಟೋ ಸಾರಿ ಪಾಠ ಹೇಳಿದ್ದೆನು. ಆ ಸ್ನೇಹಿತರ ಸಾಲಿನಲ್ಲಿ ನಾನೂ ನಿಂತಿರುವೆನೆಂದು ಅಂದೇ ತಿಳಿದೆನು.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಸಹ ಇದು ಯಾರ ಪಾಪದ ಫಲವೆಂದು ವಿಚಾರಿಸಿದರು. ನಮ್ಮ ಸ್ವಾಮಿಯು ಆ ಲೆಕ್ಕಕ್ಕೆ ಇಳಿಯಲಿಲ್ಲ. ಅವನಲ್ಲಿ ನಡೆಯಬೇಕಾದ ದೇವರ ಕಾರ್ಯದ ಕಡೆಗೆ ಅವರ ದೃಷ್ಟಿಯನ್ನು ತಿರುಗಿಸಿ, ಬಗ್ಗಿ ಮಣ್ಣನ್ನು ಕಲಸಿ ಅವನ ಕಣ್ಣುಗಳಿಗೆ ಹಚ್ಚಿದನು. 'ಯಾಕೆ ಬಂತು?' ಎಂಬ ಪ್ರಶ್ನೆಯ ಸ್ಥಾನದಲ್ಲಿ 'ಈಗ ಏನು ಮಾಡತಕ್ಕದ್ದು?' ಎಂಬ ಪ್ರಶ್ನೆಯು ನಿಂತಿತು.

ಇದು ನಡೆಯಿಸಿ ತೋರಿಸಬಹುದಾದ ಮಾತೆಂಬದಕ್ಕೆ ನಮ್ಮ ನಾಡಿನಲ್ಲಿಯೇ ಹುಟ್ಟಿದ ಪಂಡಿತಾ ರಮಾಬಾಯಿಯವರ ಜೀವಿತವು ಸಾಕ್ಷಿಯಾಗಿದೆ. ಕಾರ್ಕಳದ ಸಮೀಪದ ಮಾಳ ಎಂಬ ಊರಿನ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ ಆಕೆ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದಳು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡು, ಅಣ್ಣನೊಡನೆ ಕಾಲ್ನಡೆಯಲ್ಲಿ ದೇಶವನ್ನು ಸುತ್ತಿದಳು. 1880ರಲ್ಲಿ ಆ ಅಣ್ಣನೂ ತೀರಿಹೋದನು. 1882ರಲ್ಲಿ ಪತಿಯು ವಾಂತಿಭೇದಿಯಿಂದ ಮೃತನಾದಾಗ ಆಕೆಯ ಮಗಳು ಮನೋರಮೆಗೆ ಒಂದು ವರುಷವೂ ತುಂಬಿರಲಿಲ್ಲ.

1896-97ರಲ್ಲಿ ಮಧ್ಯಪ್ರಾಂತಗಳನ್ನು ಕ್ಷಾಮವು ಹಿಡಿಯಿತು. ತಾನು ಹಸಿದಿದ್ದ ದಿನಗಳು ಆಕೆಗೆ ಮರೆತಿರಲಿಲ್ಲ. ತಾನೇ ಅಲ್ಲಿಗೆ ಹೋಗಿ, ಸುಮಾರು 300 ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದು, ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಆಶ್ರಯ ಕೊಟ್ಟಳು. ಮುಕ್ತಿ ಎಂಬ ಆ ಆಶ್ರಮದಲ್ಲಿ 1900ರ ವೇಳೆಗೆ ಸುಮಾರು 1500 ಮಂದಿ ಇದ್ದರು. ಅವರು ಓದುಬರಹವನ್ನೂ, ನೇಯ್ಗೆಯನ್ನೂ, ಅಚ್ಚಿನ ಕೆಲಸವನ್ನೂ ಕಲಿತರು. 1921ರಲ್ಲಿ ಮನೋರಮೆಯೂ ತಾಯಿಗಿಂತ ಮುಂಚೆ ತೀರಿಹೋದಳು. ಕಿವಿ ಮಂದವಾಗಿದ್ದ ಆ ತಾಯಿಯು ಸತ್ಯವೇದವನ್ನು ಮರಾಠಿಗೆ ಭಾಷಾಂತರಿಸುವ ಕಾರ್ಯವನ್ನು ಬಿಡದೆ ನಡಿಸಿ, 1922ರಲ್ಲಿ ವಿಶ್ರಾಂತಿ ಹೊಂದಿದಳು. ಆಶ್ರಮದ ಸ್ತ್ರೀಯರೇ ಅದನ್ನು ಅಚ್ಚುಹಾಕಿದರು.

ಆಕೆಯನ್ನು ಈ ಸೇವೆಗೆ ಸಿದ್ಧಪಡಿಸುವದಕ್ಕಾಗಿಯೇ ಆ ಹಿಂದಿನ ಬರಗಾಲವು ಬಂತೆಂದು ಕೆಲವರು ಹೇಳಬಹುದು. ನಾನು ಹಾಗೆ ಹೇಳಲಾರೆನು. ಒಬ್ಬಳಿಗೆ ಪಾಠ ಕಲಿಸುವದಕ್ಕಾಗಿ ಮೂವರನ್ನು ಹಸಿವೆಯಿಂದ ಸಾಯಿಸುವ ದೇವರನ್ನು ಸುವಾರ್ತೆಯಲ್ಲಿ ನಾನು ಕಂಡಿಲ್ಲ. ಲಾಜರನ ಸಮಾಧಿಯ ಬಳಿಯಲ್ಲಿ ಅತ್ತವನನ್ನು ಕಂಡಿದ್ದೇನೆ. ಕೆಡುಕು ಕೆಡುಕೇ. ಆದರೆ ತಾನು ಉಂಡ ನೋವಿನಿಂದ ಹೃದಯವನ್ನು ಕಲ್ಲುಮಾಡಿಕೊಳ್ಳುವದೋ, ಇಲ್ಲವೆ ಇನ್ನೊಬ್ಬರ ಮುಖದಲ್ಲಿ ಅದೇ ನೋವನ್ನು ಗುರುತಿಸುವದೋ ಎಂಬುದು ಮಾತ್ರ ರಮಾಬಾಯಿಯ ಕೈಯಲ್ಲಿತ್ತು. ಆಕೆ ಎರಡನೆಯದನ್ನು ಆರಿಸಿಕೊಂಡಳು. ದೇವರ ಕೃಪೆಯು ಆಕೆಯೊಡನೆ ಕೆಲಸಮಾಡಿದ್ದು ಅಲ್ಲಿಯೇ ಎಂದು ನನ್ನ ನಂಬಿಕೆ.

ಮಾರನೆಯ ದಿವಸ ನಾನು ಆ ಹುಡುಗಿಯ ಬಳಿಗೆ ಹೋಗಿ, "ನಿನ್ನ ಪ್ರಶ್ನೆಗೆ ಉತ್ತರವು ನನಗೆ ಗೊತ್ತಿಲ್ಲ, ಮಗಳೇ. ನಿನ್ನೆ ಗೊತ್ತಿರುವವಳಂತೆ ಮಾತನಾಡಿದ್ದು ನನ್ನ ತಪ್ಪು" ಎಂದೆನು. ಶಾಲೆಗೆ ಬಂದ ಮೇಲೆ ಅವಳು ಮೊದಲನೆಯ ಸಾರಿ ಅತ್ತದ್ದು ಆಗ. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತೆನು.

ಇನ್ನೂ ಒಂದು ಮಾತಿದೆ. ಆ ಸಡಿಲವಾದ ಜಡೆಗಳನ್ನು ನಾನು ಕಂಡಿದ್ದೆನು. ಅವುಗಳನ್ನು ಹೆಣೆಯುತ್ತಿದ್ದ ಕೈ ಈಗ ಇಲ್ಲವೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ನಮ್ಮ ಹೊಲಿಗೆಯ ಉಪಾಧ್ಯಾಯಿನಿಗೆ ಹೊಳೆದಿತ್ತು. ಆಕೆ ಯಾರ ಅಪ್ಪಣೆಗೂ ಕಾಯದೆ, ಆ ವರುಷವೆಲ್ಲಾ ಬೆಳಗಿನ ಪ್ರಾರ್ಥನೆಯ ಗಂಟೆಗೆ ಮುಂಚೆ ಅವಳಿಗೆ ಎರಡು ಜಡೆ ಹಾಕಿ ಕಳುಹಿಸುತ್ತಿದ್ದಳು. ಆ ವರುಷ ನಮ್ಮ ಶಾಲೆಯಲ್ಲಿ ನಡೆದ ಎಲ್ಲಾ ಪ್ರಸಂಗಗಳಲ್ಲಿ ಶ್ರೇಷ್ಠವಾದದ್ದು ಅದೇ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಿಗಾದರೂ ದುಃಖದ ದಿವಸದಲ್ಲಿ ನನ್ನಿಂದ ಅವಸರದ ಉತ್ತರವು ದೊರಕಿದ್ದರೆ ಕ್ಷಮಿಸಿರಿ. ನಿಮ್ಮ ನೆರೆಯಲ್ಲಿ ಸಂಕಟಪಡುವವರ ಬಾಗಿಲಿಗೆ ಹೋಗುವಾಗ ಕಾರಣಗಳನ್ನು ಮನೆಯಲ್ಲಿಯೇ ಬಿಟ್ಟು, ಕೈಗಳನ್ನು ತೆಗೆದುಕೊಂಡು ಹೋಗಿರಿ. ಕಣ್ಣೀರನ್ನು ಅರಿತ ನಮ್ಮ ಕರ್ತನು ನಿಮ್ಮ ಸಂಗಡ ಇರಲಿ.