ಕಸದೊಳಗಿನ ರಸ

ಒಂದೆಡೆಯ ಕೊಳೆಯನ್ನು ತೊಳೆಯಲು ಹೊರಟ ಮನುಷ್ಯನು ಮತ್ತೊಂದೆಡೆ ಎಷ್ಟೊಂದು ಕೊಳೆಯನ್ನು ಉಂಟುಮಾಡುತ್ತಾನೆ! ಬಟ್ಟೆ ಒಗೆಯುವ ಸೋಡದ ಚರಿತ್ರೆಯನ್ನು ಓದಿದಾಗಲೆಲ್ಲ ನನಗೆ ಈ ವಿಚಾರ ಹೊಳೆಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಬೂನಿಗೂ ಗಾಜಿಗೂ ಸೋಡ ಬೇಕಾಗಿತ್ತು. ಫ್ರಾನ್ಸಿನ ಲೆಬ್ಲಾಂಕನ ವಿಧಾನದಂತೆ ಅದನ್ನು ಅಡುಗೆಯ ಉಪ್ಪಿನಿಂದ ತಯಾರಿಸುತ್ತಿದ್ದರು. ಉಪ್ಪಿಗೆ ಗಂಧಕಾಮ್ಲವನ್ನು ಬೆರೆಸಿ ಕಾಯಿಸಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಘಾಟು ಅನಿಲ ಹೊಮ್ಮುತ್ತಿತ್ತು. ಅದು ಸೋಕಿದ ಮರಗಳು ಬೋಳಾದವು, ಪೈರು ಸೀದುಹೋಯಿತು. ಜನರು ದೂರಿತ್ತಾಗ ಮಾಲೀಕರು ಮಾಡಿದ್ದೇನು? ಚಿಮಣಿಗಳನ್ನು ಇನ್ನಷ್ಟು ಎತ್ತರಿಸಿದರು! ಹೊಗೆಯು ನೆರೆಯವನ ಹೊಲವನ್ನು ದಾಟಿ ಅದರಾಚೆಯವನ ಹೊಲಕ್ಕೆ ಇಳಿಯಿತು, ಅಷ್ಟೆ. ಮನೆಯ ಕಸವನ್ನು ಪಕ್ಕದವರ ಬಾಗಿಲಿಗೆ ಗುಡಿಸುವುದಕ್ಕೂ ಇದಕ್ಕೂ ವ್ಯತ್ಯಾಸವೇನು?

1836ರಲ್ಲಿ ವಿಲಿಯಂ ಗಾಸೇಜ್ ಎಂಬ ಉದ್ಯಮಿಯು ಬೇರೊಂದು ಉಪಾಯವನ್ನು ಹೂಡಿದನು. ಪಾಳುಬಿದ್ದ ಗಾಳಿಗಿರಣಿಯೊಂದರಲ್ಲಿ ಪೊದೆಯ ಕಡ್ಡಿಗಳನ್ನು ತುಂಬಿ, ಮೇಲಿನಿಂದ ನೀರನ್ನು ಜಿನುಗಿಸಿ, ಅದರೊಳಗೆ ಅನಿಲವನ್ನು ಹಾಯಿಸಿದನು. ಒದ್ದೆ ಕಡ್ಡಿಗಳ ನಡುವೆ ಅನಿಲವು ನೀರಿನಲ್ಲಿ ಕರಗಿ ಆಮ್ಲವಾಯಿತು. ಉಪಾಯವೇನೋ ಸರಳ, ಆದರೆ ಅದನ್ನು ಎಲ್ಲರೂ ಶ್ರದ್ಧೆಯಿಂದ ಅನುಸರಿಸಲಿಲ್ಲ. 27 ವರ್ಷಗಳು ಕಳೆದು, 1863ರ ಆಲ್ಕಲಿ ಕಾಯಿದೆಯು ಈ ಅನಿಲದಲ್ಲಿ ನೂರಕ್ಕೆ 95ರಷ್ಟನ್ನು ಹಿಡಿದಿಡಲೇಬೇಕೆಂದು ವಿಧಿಸಿತು. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞರು ಮೊದಲ ತನಿಖಾಧಿಕಾರಿಯಾದರು.

ಗಾಳಿ ತಿಳಿಯಾಗತೊಡಗಿತು. ಆದರೆ ಹಿಡಿದಿಟ್ಟ ಆಮ್ಲ ಎಲ್ಲಿಗೆ ಹೋಗಬೇಕು? ಅದನ್ನು ಹೊಳೆಗೆ ಸುರಿದರೆ ಆಕಾಶದ ಪಾಪ ನೀರಿಗೆ ಇಳಿದಂತಾಗುತ್ತಿತ್ತು. 1860ರ ದಶಕದ ಕೊನೆಯ ಹೊತ್ತಿಗೆ ವಾಲ್ಟರ್ ವೆಲ್ಡನ್ ಮತ್ತು ಹೆನ್ರಿ ಡೀಕನ್ ಎಂಬವರು ಅದರಿಂದ ಅಗ್ಗವಾಗಿ ಕ್ಲೋರಿನ್ ಪಡೆಯುವ ವಿಧಾನಗಳನ್ನು ರೂಪಿಸಿದರು. ಕ್ಲೋರಿನ್ನಿನಿಂದ ಚಲುವೆ ಪುಡಿ ಸಿದ್ಧವಾಯಿತು. ಬಟ್ಟೆ ಮತ್ತು ಕಾಗದದ ಗಿರಣಿಗಳು ಅದನ್ನು ಕೊಂಡವು. ಮರಗಳನ್ನು ಕೊಂದ ಹೊಗೆಯೇ ಹಣವಾಯಿತು! ಕಸದಿಂದ ರಸವೆಂದರೆ ಇದೇ ಅಲ್ಲವೆ?

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಂಧಕದ ದುರ್ನಾತ ಬೀರುವ ಮತ್ತೊಂದು ತ್ಯಾಜ್ಯ ಕಾರ್ಖಾನೆಗಳ ಸುತ್ತ ಗುಡ್ಡಗುಡ್ಡವಾಗಿ ಬಿದ್ದಿತ್ತು. ಬೆಲ್ಜಿಯಮ್ಮಿನ ಸಾಲ್ವೆಯು 1861ರಲ್ಲಿ ಕಂಡುಹಿಡಿದ ಹೊಸ ವಿಧಾನವು ಕ್ರಮೇಣ ಹಳೆಯದನ್ನೇ ಮೂಲೆಗೊತ್ತಿತು.

ಉದ್ಯಮಗಳನ್ನು ತಿದ್ದಿದ್ದು ಜ್ಞಾನವೋ, ದಂಡದ ಭಯವೋ, ಲಾಭದ ಆಸೆಯೋ? ಮೂರೂ ಹೌದೆಂದು ನನ್ನ ಭಾವನೆ. ಜ್ಞಾನ ದಾರಿ ತೋರಿತು, ಕಾಯಿದೆ ನಡೆಯಿಸಿತು, ಲಾಭ ಆ ನಡಿಗೆಯನ್ನು ಹಗುರಗೊಳಿಸಿತು. ಆದರೆ ಮದ್ದು ಕೈಯಲ್ಲಿದ್ದೂ ವ್ಯರ್ಥವಾಗಿ ಕಳೆದ ಆ ವರ್ಷಗಳಲ್ಲಿ ಸೀದುಹೋದ ಪೈರನ್ನು ರೈತನಿಗೆ ಮರಳಿ ಕೊಟ್ಟವರು ಯಾರು? ನಾಳೆ ಕಾರ್ಖಾನೆಗಳನ್ನು ನಡೆಸಲಿರುವ ಮಕ್ಕಳು ಈ ಪ್ರಶ್ನೆಯನ್ನು ಮರೆಯಬಾರದು.