ಆಟಕ್ಕುಂಟು, ಲೆಕ್ಕಕ್ಕಿಲ್ಲ

ಏಳನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎಕ್ಸ್ ಬರೆದಾಗ “ಹಾಗಂದ್ರೆ ಎಷ್ಟು ಸಾರ್?” ಎಂದು ಕೇಳಿದ್ದೆ. “ಗೊತ್ತಿಲ್ಲ ಅಂತ ಇಟ್ಕೊಳೋ” ಎಂದರು. ಗೊತ್ತಿಲ್ಲದ್ದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಆ ವರ್ಷವೆಲ್ಲ ಒದ್ದಾಡಿದೆ.

ಈಗ ಭಾನುವಾರ ಸಂಜೆ ನಮ್ಮ ಜಗಲಿಗೆ ಬರುವ ಮಕ್ಕಳಿಗೆ ಇಡುವ ಜಾಗವನ್ನೇ ಮೊದಲು ಕೊಡುತ್ತೇನೆ: ತಲಾ ಎರಡು ಖಾಲಿ ಬೆಂಕಿಪೊಟ್ಟಣ, ಜೊತೆಗೆ ಹುಣಸೆಬೀಜ. ಬೀಜವಿದ್ದ ಮೇಲೆ ಬೀಜಗಣಿತಕ್ಕೇನು ಕೊರತೆ?

“ಎರಡರಲ್ಲೂ ಒಂದೇ ಸಮ ಬೀಜ ಹಾಕಿ ಮುಚ್ಚಿ. ನನಗೆ ಹೇಳ್ಬೇಡಿ. ಹೊರಗೆ ಹತ್ತು ಬೀಜ ಇಡಿ. ಈಗ ಎಲ್ಲದರಲ್ಲೂ ಅರ್ಧ ನನಗೆ ಕೊಡಿ.” ಒಂದು ಪೊಟ್ಟಣ, ಐದು ಬೀಜ ಉಳಿಯುತ್ತವೆ. “ಆ ಪೊಟ್ಟಣಾನೂ ಕೊಡಿ.” ಮೂರು ಹಾಕಿದವಳ ಮುಂದೆಯೂ ಐದು, ಹನ್ನೊಂದು ತುರುಕಿದವನ ಮುಂದೆಯೂ ಐದು! ಮಂತ್ರವೇನೋ ಎಂದು ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದಾಗ ಒಬ್ಬಳು ಕೂಗಿದಳು: “ತಾತಾ, ಪೊಟ್ಟಣ ಆಟಕ್ಕುಂಟು, ಲೆಕ್ಕಕ್ಕಿಲ್ಲ!” ಚರಾಕ್ಷರವೆಂದರೇನೆಂದು ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಆಮೇಲೆ ಪೊಟ್ಟಣವನ್ನು ಲೆಕ್ಕಕ್ಕೂ ಸೇರಿಸುತ್ತೇನೆ. ಎರಡರಲ್ಲೂ ಸಮನಾಗಿ ಬೀಜ ಅಡಗಿಸಿ, ಹೊರಗೆ ಮೂರು ಇಟ್ಟು, “ಒಟ್ಟು ಹದಿನೈದು” ಎನ್ನುತ್ತೇನೆ. ಮೂರನ್ನು ಬದಿಗೆ ಸರಿಸಿ, ಹನ್ನೆರಡನ್ನು ಎರಡು ಪಾಲು ಮಾಡಿ “ಆರು!” ಎನ್ನುತ್ತಾರೆ. ಆದರೂ ಪೊಟ್ಟಣ ಬಿಚ್ಚಿ ಎಣಿಸದೆ ಬಿಡುವುದಿಲ್ಲ. ಕೊನೆಯ ಬೀಜ ಬೀಳುವವರೆಗೆ ಜಗಲಿ ಗಪ್‌ಚಿಪ್. ಮೊದಲ ಪೊಟ್ಟಣ ಎಷ್ಟು ಹಾಕಿದರೂ ಒಪ್ಪುತ್ತಿತ್ತು. ಇದು ಆರನ್ನಲ್ಲದೆ ಬೇರೇನನ್ನೂ ಒಪ್ಪದು.

ಭಾಸ್ಕರಾಚಾರ್ಯರು 12ನೇ ಶತಮಾನದ ತಮ್ಮ ‘ಬೀಜಗಣಿತ’ದಲ್ಲಿ ಅಜ್ಞಾತಕ್ಕೆ ‘ಯಾವತ್ತಾವತ್’ ಎನ್ನುತ್ತಾರೆ. ಎಷ್ಟೋ ಅಷ್ಟು ಎಂದರ್ಥ. ಒಂದು ಸಾಲದಿದ್ದರೆ ಕಾಲಕ, ನೀಲಕ, ಪೀತಕ. ಅಂದರೆ ಕಪ್ಪು, ನೀಲಿ, ಹಳದಿ. ಬರೆಯುವಾಗ ಬರೀ ಯಾ, ಕಾ, ನೀ, ಪೀ. ಎಕ್ಸ್, ವೈ, ಝಡ್‌ಗಳನ್ನು ಫ್ರೆಂಚ್ ಗಣಿತಜ್ಞ ದೆಕಾರ್ತ್ ಅಜ್ಞಾತಗಳಿಗೆ ಬಳಸಿದ್ದು 1637ರ ಪುಸ್ತಕದಲ್ಲಿ. ನಮ್ಮ ಮಕ್ಕಳು ಇದನ್ನು ಕೇಳಿದ್ದೇ ತಡ, ಪೊಟ್ಟಣಗಳಿಗೆ ಬಣ್ಣದ ಕಾಗದ ಅಂಟಿಸಿದರು. ಈಗ ನೀಲಿ ಪೊಟ್ಟಣದ್ದೇ ಒಂದು ಲೆಕ್ಕ, ಹಳದಿಯದೇ ಇನ್ನೊಂದು.

ನಿಮ್ಮ ಮನೆಯಲ್ಲೂ ಎಕ್ಸ್ ಕಂಡರೆ ಅಳುವ ಮಗುವಿದ್ದರೆ ಟ್ಯೂಷನ್ನಿಗೆ ಓಡಬೇಡಿ. ಮುಂದಿನ ಸಲ ಹುಣಸೆಹಣ್ಣು ಬಿಡಿಸುವಾಗ ಬೀಜ ಎಸೆಯದೆ ತೆಗೆದಿಡಿ.