ಕರಿಕಲ್ಲಿನ ಸೀಮೆಯ ಬಿಳಿ ವೈನು

ನಾಟ್ರಾಂಪಾಳ್ಯದ ಕಡೆಯವರಿಗೆ ಕಲ್ಲಿನ ವಿಷಯ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅಂಚೆಟ್ಟಿ ದಾಟಿ ಹೊಗೇನಕಲ್ಲಿನತ್ತ ಇಳಿಯುವ ದಾರಿಯಲ್ಲಿ ಎತ್ತ ನೋಡಿದರೂ ಬೂದುಬಣ್ಣದ ಬಂಡೆ, ಬಂಡೆಯ ಸಂದಿಯಲ್ಲಿ ಕೆಮ್ಮಣ್ಣು, ಕೆಮ್ಮಣ್ಣಿನಲ್ಲಿ ರಾಗಿ, ರಾಗಿಗೆ ಆನೆ, ಆನೆಗೆ ಅಟ್ಟಣೆ ಮೇಲಿನ ಕಾವಲು. ಈ ಸೀಮೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಹೊಗೇನಕಲ್ಲಿನ ಸುತ್ತ ಕಾರ್ಬೊನಟೈಟ್ ಎಂಬ ಅಪರೂಪದ ಕಲ್ಲೂ ಇದೆ. ನೆಲದಾಳದಲ್ಲಿ ಕುದ್ದು ಮೇಲೇರುತ್ತ, ಹೊರಗೆ ಬಾರದೆ ಒಳಗೇ ಆರಿಹೋದ ಸುಣ್ಣದ ಅಂಶದ ಕಲ್ಲು ಅದು. ಅದರ ವಯಸ್ಸು ಸುಮಾರು 240 ಕೋಟಿ ವರ್ಷ. ಅಂದರೆ ಬೆಂಕಿಯಲ್ಲಿ ಹುಟ್ಟಿದ ಕಲ್ಲು ನಮ್ಮಲ್ಲೂ ಉಂಟು. ಅದರ ಪಕ್ಕದ ಹೊಲದಲ್ಲಿ ನಾವು ಬೆಳೆಯುವುದು ಮಾತ್ರ ರಾಗಿ, ಅವರೆ, ಹುರುಳಿ. ಇನ್ನು ವೈನಿನ ಮಾತು ಕೇಳಲೇಬೇಡಿ. ಗಡಿ ದಾಟಿ ಬೆಂಗಳೂರಿನ ಕಡೆ ಹೋದರೆ ಹೆಜ್ಜೆಗೊಂದು 'ವೈನ್ಸ್' ಬೋರ್ಡು. ಒಳಗೆ ವೈನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ.

ಹೀಗಿರುವಾಗ ಹೊಸೂರಿನ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದು, ಈಗ ಊರಿಗೆ ಮರಳಿ ದ್ರಾಕ್ಷಿ ಹಚ್ಚಿರುವ ದೋಸ್ತನೊಬ್ಬ ಫೋನ್ ಮಾಡಿದ. ಅವನ ಊರು ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಬಳಿ. ಮಹಾರಾಷ್ಟ್ರದೊಳಗಿದ್ದರೂ ಮನೆಮಾತು ಕನ್ನಡ. "ಲಾವಾದ ಮ್ಯಾಲ ಬೆಳೆದ ದ್ರಾಕ್ಷಿ ವೈನ್ ಕುಡಸ್ತೀನಿ, ಬಾರೋ" ಅಂದ. ಫೆಬ್ರುವರಿ, ಕೊಯ್ಲಿನ ಕಾಲ. ಹೊರಟೇಬಿಟ್ಟೆ.

ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್. ಈ ರೈಲು ಕೊನೆಗೆ ಮುಟ್ಟುವುದು ಪಂಢರಪುರವನ್ನು. ಅದು ನನಗೆ ಗೊತ್ತಿತ್ತು. ಅದರ ಪರಿಣಾಮ ಏನೆಂಬುದು ರಾತ್ರಿ ಗೊತ್ತಾಯಿತು. ನನ್ನ ಬೋಗಿಯಲ್ಲಿ ವಿಠ್ಠಲನ ಭಕ್ತರ ದೊಡ್ಡ ತಂಡ, ಜೊತೆಗೆ ತಾಳ. ನಡುರಾತ್ರಿಗೆ ಭಜನೆ ನಿಂತಿತು, ನಾನು ಮೇಲಿನ ಬರ್ತಿನಲ್ಲಿ ಮಗ್ಗುಲಾದೆ. ನಸುಕಿಗೆ ಕಾಕಡಾರತಿ ಶುರು. ನಿದ್ದೆ ಕೆಟ್ಟಿದ್ದಕ್ಕೆ ಲಾಭವೂ ಆಯಿತೆನ್ನಿ, ಕಿಟಕಿಯ ಬಳಿ ಜಾಗ ಸಿಕ್ಕಿತು. ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಗುಡ್ಡಗಳು ಬೆಳಗಿನ ಬಿಸಿಲಿಗೆ ಕಾಯುತ್ತಿವೆ. ಆಲಮಟ್ಟಿಯಲ್ಲಿ ಕೃಷ್ಣೆ ಹಿಂದೆ ಸರಿಯುತ್ತಾಳೆ. ಅಲ್ಲಿಂದ ಮುಂದೆ ನೆಲ ಬಣ್ಣ ಬದಲಿಸುತ್ತ ಬರುತ್ತದೆ. ಕೆಂಪು ಹಿಂದೆ ಉಳಿದು ಎಲ್ಲೆಲ್ಲೂ ಎರೆ ಭೂಮಿ, ಕಣ್ಣು ಹರಿದಷ್ಟೂ ಕಪ್ಪು. ಹೊಲದಲ್ಲಿ ಕಟಾವಿಗೆ ಬಂದ ಜೋಳ. ಗುಡ್ಡವೆಂಬ ಪದಾರ್ಥವೇ ಇಲ್ಲ. ಬೆಟ್ಟಗಳ ನಡುವೆ ಬೆಳೆದ ನನಗೆ ಇಷ್ಟು ಬಟಾಬಯಲು ನೋಡಿ ಒಂದು ಥರ ಪುಕ್ಕಲು.

ವಿಜಯಪುರದಲ್ಲಿ ಇಳಿದವನು ಮೊದಲು ಗೋಲಗುಂಬಜಕ್ಕೆ ಹೋದೆ. 1656ರಲ್ಲಿ ಮುಗಿದ ಈ ಕಟ್ಟಡದ ಪಿಸುಮಾತಿನ ಮೊಗಸಾಲೆಯಲ್ಲಿ ಪಿಸುಗುಡುವವರು ಒಬ್ಬರೂ ಇರಲಿಲ್ಲ. ಶಾಲೆಯ ಮಕ್ಕಳು ಕೂಗಿದ್ದನ್ನು ಗುಮ್ಮಟ ಮತ್ತೆ ಮತ್ತೆ ಕೂಗುತ್ತಿತ್ತು. ಕಿವಿ ಮುಚ್ಚಿಕೊಂಡು ಕೆಳಗಿಳಿದು ಗೋಡೆಯ ಕಲ್ಲು ಸವರಿದೆ. ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರುಗಳ ಕೊನೆಗಾಲದಲ್ಲಿ, ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಹರಿದು ಆರಿದ್ದು. ಈಗ ಉಳಿದಿರುವುದೇ 5 ಲಕ್ಷ ಚದರ ಕಿಲೋಮೀಟರಿನಷ್ಟಿದೆ. ಡೆಕ್ಕನ್ ಟ್ರ್ಯಾಪ್ ಎಂದು ಭೂವಿಜ್ಞಾನಿಗಳು ಕರೆಯುವ ಈ ಹಾಸಿನ ದಕ್ಷಿಣದ ಅಂಚು ಬೆಳಗಾವಿ, ವಿಜಯಪುರ, ಕಲಬುರಗಿಗಳವರೆಗೆ ಬಂದು ನಿಂತಿದೆ. ನಮ್ಮೂರ ಬಂಡೆಗಳ ಲೆಕ್ಕದಲ್ಲಿ ಇದಿನ್ನೂ ಹಸುಗೂಸು.

ತಿಕೋಟಾದ ದಾರಿಯಲ್ಲಿ ಒಣದ್ರಾಕ್ಷಿ ಶೆಡ್ಡುಗಳು. ಉದ್ದನೆಯ ಚಪ್ಪರ, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ, ಬಲೆಯ ಮೇಲೆ ಸೀಡ್‌ಲೆಸ್ ದ್ರಾಕ್ಷಿ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ ತೆಗೆದರೆ ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಆರುತ್ತದಂತೆ. ಬಿಸಿಲಿಗೆ ಹಾಕುವುದಿಲ್ಲ, ನೆರಳಲ್ಲೇ ಗಾಳಿಗೆ ಒಣಗಬೇಕು. ಅಲ್ಲಿದ್ದ ಹಿರಿಯ ರೈತರನ್ನು ಮಾತಿಗೆಳೆದೆ. ಏಪ್ರಿಲ್ ಚಾಟ್ನಿ ಬಳ್ಳಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ, ಅಂದರು. ಚಾಟ್ನಿಯೆಂದರೆ ಬಳ್ಳಿ ಸವರುವುದು. ವರ್ಷಕ್ಕೆ ಎರಡು ಸಲ ಸವರಿ, ಒಂದೇ ಬೆಳೆ ತೆಗೆಯುವ ಈ ಪದ್ಧತಿ ಯುರೋಪಿನಲ್ಲಿಲ್ಲ. ಅಲ್ಲಿ ಚಳಿಗೆ ಬಳ್ಳಿ ತಾನೇ ಮಲಗುತ್ತದೆ. ನಮ್ಮ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಕತ್ತರಿಯೇ ಅದಕ್ಕೆ ಕಾಲ ಹೇಳಿಕೊಡಬೇಕು. "ಎರಿಯೊಳಗ ದ್ರಾಕ್ಷಿ ಚಲೋ ಬರಂಗಿಲ್ರಿ, ಬೇರಿಗಿ ನೀರ ನಿಲ್ತದ. ಗರಸ ಬೇಕ್ರಿ ಅದಕ್ಕ" ಎಂದು ಕಾಲಿನಿಂದ ನೆಲ ಕೆದರಿ ತೋರಿಸಿದರು. ಅರೆಬರೆ ಮಣ್ಣಾದ ಬಸಾಲ್ಟ್. ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಂದು ಚೂರುಗಳು.

ಮಂಗಳವೇಢೆಗೆ ಬಸ್ಸಿನಲ್ಲಿ ಹೋಗುವಾಗ ನನ್ನ ತೊಡೆಯ ಮೇಲೆ ಯಾರದೋ ಹೂಕೋಸಿನ ಚೀಲ. ಅದರ ಒಡೆಯ ಹಿಂದೆಲ್ಲೋ ನಿಂತಿದ್ದ. ಆಗಾಗ ಕೂಗಿ ಹೂಕೋಸಿನ ಯೋಗಕ್ಷೇಮ ವಿಚಾರಿಸುತ್ತಿದ್ದ. ಬಿಜ್ಜಳನ ಕಾಲದ ಮಂಗಳವಾಡವೇ ಈ ಮಂಗಳವೇಢೆ, ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಇದ್ದ ಊರು. ಈಗ ಅದರ ಹೆಸರು ನಡೆದಿರುವುದು ಜೋಳದಿಂದ. ಮಂಗಳವೇಢೆ ಜೋಳಕ್ಕೆ ಜಿಐ ಮಾನ್ಯತೆ ಇದೆ. ದೋಸ್ತನ ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, "ಉಣ್ಣಪ್ಪಾ, ರಾಗಿ ಮುದ್ದಿ ಇಲ್ಲಿ ಸಿಗೂದಿಲ್ಲ" ಅಂದರು. ಮುದ್ದೆ ನುಂಗಿ ಬೆಳೆದ ನಾನು ಮೊದಲ ರೊಟ್ಟಿ ಮುರಿಯುವಷ್ಟರಲ್ಲಿ ದೋಸ್ತ ಮೂರನೆಯದನ್ನು ಮುಗಿಸಿದ್ದ.

ಮರುದಿನ ಪಂಢರಪುರ ದಾಟಿ ಅಕಲೂಜದ ಕಡೆಗೆ. ಅಲ್ಲಿ ಮೋಟೇವಾಡಿಯಲ್ಲಿ ಫ್ರಾಟೆಲ್ಲಿ ವೈನರಿ. ಇಟಲಿಯ ಸೆಕ್ಕಿ ಸಹೋದರರು, ದೆಹಲಿಯ ಸೇಖ್ರಿ ಸಹೋದರರು, ಅಕಲೂಜದ ಮೋಹಿತೆ-ಪಾಟೀಲ ಸಹೋದರರು ಕೂಡಿ ಕಟ್ಟಿದ ಸಂಸ್ಥೆ. ವೈನ್ ರೂಪಿಸಿದವರು ಟಸ್ಕನಿಯ ಪಿಯೆರೊ ಮಾಸಿ. ತಿನ್ನುವ ದ್ರಾಕ್ಷಿಯಂತೆ ಇಲ್ಲಿ ತಲೆಯ ಮೇಲೆ ಚಪ್ಪರವಿಲ್ಲ. ಸೊಂಟದೆತ್ತರದ ತಂತಿಗೆ ಕಟ್ಟಿದ ಬಳ್ಳಿಗಳು ಕವಾಯತಿಗೆ ನಿಂತಿವೆ. ಗೊಂಚಲು ಸಣ್ಣದು, ಹಣ್ಣು ಬಟಾಣಿ ಗಾತ್ರ, ಒಳಗೆ ಬೀಜ. ತಿಂದರೆ ಸಿಪ್ಪೆಯೇ ಹೆಚ್ಚು. ಇಂಥ ಹಣ್ಣನ್ನು ಹೊಸೂರು ಸಂತೆಯಲ್ಲಿ ಇಟ್ಟರೆ ಯಾರೂ ತಿರುಗಿ ನೋಡಲಾರರು.

ರುಚಿ ನೋಡುವ ಶಾಸ್ತ್ರ ನನ್ನ ಮಟ್ಟಿಗೆ ನಾಟಕದಂತೆಯೇ ಶುರುವಾಯಿತು. ಗ್ಲಾಸು ಓರೆಮಾಡು, ತಿರುಗಿಸು, ಮೂಗು ಇಡು, ಗುಟುಕು ಬಾಯಲ್ಲಿ ಹೊರಳಿಸು, ಆಮೇಲೆ ಉಗುಳು. ಉಗುಳಲು ಬೇರೆ ಪಾತ್ರೆ ಇಟ್ಟಿರುತ್ತಾರೆ. ದುಡ್ಡು ಕೊಟ್ಟದ್ದನ್ನು ಉಗುಳುವ ಸಂಸ್ಕಾರ ನನ್ನದಲ್ಲ, ನುಂಗಿದೆ. ಸಾವಿನ್ಯೋನ್ ಬ್ಲಾಂಕ್ ಹಸಿ ಹಸಿ ವಾಸನೆ, ಈಗತಾನೆ ಕೊಯ್ದ ಹುಲ್ಲು, ನಿಂಬೆ ಸಿಪ್ಪೆ. ಶೆನಿನ್ ಬ್ಲಾಂಕ್ ದುಂಡಗೆ, ಸೀಬೆಹಣ್ಣಿನ ಕಡೆಗೆ. ಶಾರ್ಡನೇ ಮೊದಲು ಏನೂ ಹೇಳದೆ ಆಮೇಲೆ ನಿಧಾನವಾಗಿ ಬಾಯಿ ಬಿಡುತ್ತದೆ. ಮೊದಲೆರಡನ್ನು ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುಳಿಬರಿಸಿ ಬೇಗ ಬಾಟಲಿಗೆ ತುಂಬುವುದು ರೂಢಿ. ಶಾರ್ಡನೇಯಲ್ಲಿ ಒಳ್ಳೆಯದನ್ನು ಓಕ್ ಬ್ಯಾರೆಲ್ಲಿಗೆ ಹಾಕಿ, ತಳದಲ್ಲಿ ಕೂತ ಸತ್ತ ಈಸ್ಟನ್ನು ಆಗಾಗ ಕಲಕುತ್ತಾರೆ. ಅದರಿಂದ ಬೆಣ್ಣೆಯ ನುಣುಪು ಬರುತ್ತದೆ.

"ಲಾವಾ ಕಲ್ಲಿನ ರುಚಿ ಎಲ್ಲಿದೆಯೋ?" ಎಂದು ದೋಸ್ತನನ್ನು ಕೇಳಿದೆ. ಇಂಥ ವೈನಿನ ಬಗ್ಗೆ ಬರೆಯುವವರು 'ಕಲ್ಲಿನ ರುಚಿ' ಎಂದು ಹೇಳದೆ ಬಿಡುವುದಿಲ್ಲ. ಆದರೆ ವೇಲ್ಸಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನು ಒಪ್ಪುವುದಿಲ್ಲ: ಬಳ್ಳಿ ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುವುದಿಲ್ಲ ಎನ್ನುತ್ತಾರೆ. ಮಣ್ಣಿನ ಪ್ರಭಾವ ನೀರಿನ ಮೂಲಕ. ಹೋಲಿಕೆಗೆ ಹೇಳುವುದಾದರೆ, ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಸುಮಾರು 3,600 ವರ್ಷದ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿಯೇ ನೆಲ. ಅದರಲ್ಲಿ ಜೇಡಿ ಇಲ್ಲದಿರುವುದರಿಂದ ಬೇರು ತಿನ್ನುವ ಫಿಲಾಕ್ಸೆರಾ ಹುಳ ಬದುಕದು. ಅಲ್ಲಿನ ಬಳ್ಳಿಗಳು ಸ್ವಂತ ಬೇರಿನ ಮೇಲೇ ನಿಂತಿವೆ. ಗಾಳಿಗೆ ಹೆದರಿ ಬಳ್ಳಿಯನ್ನು ನೆಲದ ಮೇಲೆ ಬುಟ್ಟಿಯಾಗಿ ಸುತ್ತುತ್ತಾರೆ, ಹಣ್ಣು ಬುಟ್ಟಿಯೊಳಗೆ. ಅಸಿರ್ಟಿಕೊ ಎಂಬ ಅಲ್ಲಿನ ಬಿಳಿ ದ್ರಾಕ್ಷಿ ಎಷ್ಟು ಬಿಸಿಲಿಗೂ ಹುಳಿ ಬಿಡುವುದಿಲ್ಲ, ಅದಕ್ಕೇ ಅದರ ವೈನು ವರ್ಷಗಟ್ಟಲೆ ಬಾಳುತ್ತದೆ. ಸೋಲಾಪುರ ಸೀಮೆಯ ನೆಲವೂ ಲಾವಾದ್ದೇ, ಆದರೆ ಇಲ್ಲಿ ಸಾಮಾನ್ಯವಾಗಿ ಡಾಗ್ರಿಡ್ಜ್‌ನಂಥ ಬೇರುಗಿಡದ ಮೇಲೆ ಕಸಿ, ಬುಡಕ್ಕೆ ಡ್ರಿಪ್. ಹುಳಿ ಉಳಿಸುವುದು ಫೆಬ್ರುವರಿಯ ತಣ್ಣನೆಯ ರಾತ್ರಿ.

ಅಸಲಿ ವಿಸ್ಮಯ ಕಾದಿದ್ದು ಅವತ್ತು ಸಂಜೆ, ದೋಸ್ತನ ಮನೆಯಲ್ಲಿ. ಅಂಗಳದ ಮೂಲೆಯಲ್ಲಿ ಹಳೆಯ ಹಗೇವು, ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿಯ ಚಪ್ಪಡಿ ಸರಿಸಿ ಬಹಳ ಹೊತ್ತು ಗಾಳಿಯಾಡಲು ಬಿಟ್ಟ. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಅರ್ಥ. ಇಳಿದವನು ಮೇಲೆ ಬರುವುದಿಲ್ಲ. ದೀಪ ಉರಿಯಿತು. ಏಣಿ ಇಳಿದು ಒಂದು ಬಾಟಲಿ ತಂದ. ಆರು ವರ್ಷದ ಹಿಂದೆ ಬ್ಯಾರೆಲ್ಲಿನ ಶಾರ್ಡನೇ ಒಂದು ಪೆಟ್ಟಿಗೆ ಕೊಂಡು ಮೂರು ಕಡೆ ಹಂಚಿಟ್ಟಿದ್ದನಂತೆ: ನೆಂಟರ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ, ಈ ಹಗೇವಿನಲ್ಲಿ, ಅಡುಗೆಮನೆಯ ಅಟ್ಟದ ಮೇಲೆ. ಮೂರನ್ನೂ ಸಾಲಾಗಿ ಇಟ್ಟು, "ಮೂರೂ ಒಂದ ತಾಯಿ ಮಕ್ಕಳೋ, ಬೆಳದ ಮನಿ ಬ್ಯಾರೆ" ಅಂದ.

ಕೋಲ್ಡ್ ಸ್ಟೋರೇಜಿನ ಬಾಟಲಿಯ ತಳದಲ್ಲಿ ಸಣ್ಣ ಹರಳುಗಳು ಮಿನುಗುತ್ತಿದ್ದವು. ಗಾಜಿನ ಚೂರೆಂದು ನಾನು ಗಾಬರಿಯಾದೆ. ಅದು ಟಾರ್ಟರಿಕ್ ಆಮ್ಲದ ಲವಣ, ಚಳಿಗೆ ಹರಳುಗಟ್ಟಿ ತಳಕ್ಕೆ ಕೂರುತ್ತದೆ, ಅಪಾಯವಿಲ್ಲ. ಆ ವೈನು ಇನ್ನೂ ಪಡ್ಡೆ. ಬಣ್ಣ ತೆಳು, ಹುಳಿ ಚುರುಕು, ಆರು ವರ್ಷ ಕಳೆದ ಗುರುತೇ ಇಲ್ಲ. ಅಟ್ಟದ ಬಾಟಲಿಯಲ್ಲಿ ವೈನು ಬಿಸಿಗೆ ಹಿಗ್ಗಿ ಕಾರ್ಕನ್ನು ಹೊರಗೆ ತಳ್ಳಿತ್ತು. ಒಳಗಿನದು ಚಹಾದ ಡಿಕಾಕ್ಷನ್ ಬಣ್ಣ, ಕೊಳೆಯಲು ಶುರುವಾದ ಸೇಬಿನ ವಾಸನೆ. ಒಂದೇ ಗುಟುಕಿಗೆ, ವೈನರಿಯಲ್ಲಿ ಕಲಿಯದ ಉಗುಳುವ ವಿದ್ಯೆ ತಾನಾಗಿ ಬಂತು.

ಇನ್ನು ಹಗೇವಿನದು. ಸುರಿದಾಗ ಹೊಂಬಣ್ಣ. ಮೂಗಿಗೆ ಜೇನು, ಹಿಂದೆಯೇ ಹುರಿದ ಶೇಂಗಾ. ಹುಳಿ ಮಾಗಿ ಒಳಗೆ ಸರಿದಿದೆ, ಆದರೆ ಹೋಗಿಲ್ಲ. ನುಂಗಿದ ಮೇಲೂ ನಾಲಿಗೆಯ ಅಂಚಿನಲ್ಲಿ ಉಪ್ಪಿನ ಎಳೆಯೊಂದು ಉಳಿಯುತ್ತದೆ. ಮಾಲ್ಟ್‌ಮನ್ ಏನೇ ಹೇಳಲಿ, ಆ ಗಳಿಗೆಯಲ್ಲಿ ಅದು ಕಲ್ಲಿನದೇ ಎಂದು ನಂಬಲು ನನಗೆ ಏನೂ ಅಡ್ಡಿಯಿರಲಿಲ್ಲ. ಹಗೇವಿನ ಒಳಗೆ ಇಳಿಸಿದ್ದ ಥರ್ಮಾಮೀಟರ್ 26 ಡಿಗ್ರಿ ತೋರಿಸಿತು. ವೈನ್ ಇಡಲು ಹೇಳುವುದು 12ರಿಂದ 14 ಡಿಗ್ರಿ; ಅದರ ಲೆಕ್ಕದಲ್ಲಿ ಇದು ಬಾಣಲೆ. ಆದರೆ ಬೇಸಗೆ, ಚಳಿಗಾಲ ಎನ್ನದೆ ಹೆಚ್ಚುಕಡಿಮೆ ಒಂದೇ ಶಾಖ, ಮೇಲಾಗಿ ಕತ್ತಲೆ. ಹತ್ತು ಹನ್ನೆರಡು ವರ್ಷದಲ್ಲಿ ಆಗಬೇಕಾದ ಮಾಗುವಿಕೆ ಇಲ್ಲಿ ಬೇಗ ಮುಗಿದಿದೆ. ಇನ್ನೊಂದು ವರ್ಷ ಬಿಟ್ಟರೆ ಇದೂ ಅಟ್ಟದ ದಾರಿ ಹಿಡಿಯುತ್ತದೆಂದು ದೋಸ್ತನೇ ಒಪ್ಪಿದ. ಹಗೇವಿನಲ್ಲಿ ಉಳಿದದ್ದನ್ನು ಯುಗಾದಿಯೊಳಗೆ ಖಾಲಿ ಮಾಡುವುದೆಂದು ನಿರ್ಧಾರವಾಯಿತು. ನಾನು ಸಹಕರಿಸಿದೆ.

ನೀವೂ ಹೋಗುವುದಾದರೆ ಜನವರಿಯಿಂದ ಮಾರ್ಚಿನೊಳಗೆ ಹೋಗಿ, ಕೊಯ್ಲು ನೋಡಲು ಸಿಗುತ್ತದೆ. ವೈನರಿಗೆ ಮೊದಲೇ ಫೋನ್ ಮಾಡಿ. ಸಾವಿನ್ಯೋನ್ ಬ್ಲಾಂಕ್ ಕೊಂಡರೆ ಅದೇ ವರ್ಷ ಕುಡಿದು ಮುಗಿಸಿ, ಇಟ್ಟರೆ ಅದರ ಹಸಿ ಪರಿಮಳವೇ ಮೊದಲು ಹೋಗುತ್ತದೆ. ಇಟ್ಟು ನೋಡುವ ಆಸೆಯಿದ್ದರೆ ಬ್ಯಾರೆಲ್ಲಿನ ಶಾರ್ಡನೇ ತನ್ನಿ. ಕಾರ್ಕ್ ಇದ್ದರೆ ಬಾಟಲಿ ಮಲಗಿಸಿಡಿ. ಮನೆಯಲ್ಲಿ ತಣ್ಣಗಿನ, ಕತ್ತಲೆಯ ಜಾಗ ಇಲ್ಲವೆಂದರೆ ಆ ಗೋಜೇ ಬೇಡ, ತಂದ ವಾರವೇ ಶೇಂಗಾ ಚಟ್ನಿಯ ಜೊತೆ ತೆರೆಯಿರಿ.